ಪಾಲಿಫಿನಾಲ್ 500 ಅಂದರೆ ಯಾವ ಲೆಕ್ಕದ 500?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಆಲಿವ್ ಎಣ್ಣೆ ಬಗ್ಗೆ ಬಂದ ಲೇಖನವನ್ನು ಅಣ್ಣ ಫೋಟೊ ತೆಗೆದು ಕಳಿಸಿದ್ದ. ಓದಿದೆ, ಬರವಣಿಗೆ ಚೆನ್ನಾಗಿದೆ. ಒಂದು ಸಾಲಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ‘ಕೊಳ್ಳುವಾಗ ಕೆ.ಜಿ.ಗೆ 500 ಮಿಲಿಗ್ರಾಂಗಿಂತ ಹೆಚ್ಚು ಪಾಲಿಫಿನಾಲ್ ಇರುವ ಎಣ್ಣೆಯನ್ನೇ ಆರಿಸಿ’ ಎಂದು ಅದರಲ್ಲಿತ್ತು. ಯಾವ ವಿಧಾನದಲ್ಲಿ ಅಳೆದ 500, ಯಾವ ವಸ್ತುವಿನ ಲೆಕ್ಕದಲ್ಲಿ 500, ಯಾವ ತಿಂಗಳಲ್ಲಿ ಅಳೆದದ್ದು ಎನ್ನುವುದು ಎಲ್ಲೂ ಇರಲಿಲ್ಲ. ಇವು ಗೊತ್ತಿಲ್ಲದೆ ಆ ಅಂಕಿಯನ್ನು ನಂಬಿ ಸಾವಿರಾರು ರೂಪಾಯಿ ಕೊಡುವುದು ನನಗೆ ಸರಿ ಕಾಣಲಿಲ್ಲ.

ಇದನ್ನು ಕೇಳುವುದಕ್ಕೆ ಕಾರಣವಿದೆ. ಇದೇ ನನ್ನ ಹೊಟ್ಟೆಪಾಡು. ನಾನು ಚಳ್ಳಕೆರೆಯವಳು. ನಮ್ಮದು ಎಣ್ಣೆ ಗಿರಣಿಗಳ ಊರು ಅಂತ ನಿಮಗೆ ಹೇಳಬೇಕಿಲ್ಲ. ಅಪ್ಪ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಕೆಮಿಸ್ಟ್ರಿ ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಈಗ ಸ್ಪೇನ್‌ನ ದಕ್ಷಿಣಕ್ಕಿರುವ ಹಾಯೆನ್‌ನಲ್ಲಿದ್ದೇನೆ. ಈ ಪ್ರಾಂತ್ಯದಲ್ಲಿ ಆರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ ಎನ್ನುತ್ತಾರೆ. ಬಸ್ಸಿನಲ್ಲಿ ಕೂತರೆ ಕಿಟಕಿಯ ಎರಡೂ ಕಡೆ ಅದೇ ಮರ, ಗುಡ್ಡದ ಮೇಲೂ ಅದೇ. ಇಲ್ಲಿನ ಒಂದು ಪರೀಕ್ಷಾ ಲ್ಯಾಬ್‌ನಲ್ಲಿ ಎಣ್ಣೆಯೊಳಗಿನ ಫೀನಾಲ್ ಅಳೆಯುವುದು ನನ್ನ ಕೆಲಸ. ನಿಮ್ಮ ಲೇಖನದಲ್ಲಿ ಪಾಲಿಫಿನಾಲ್ ಅಂದದ್ದನ್ನೇ ನಾನು ಇಲ್ಲಿ ಚಿಕ್ಕದಾಗಿ ಫೀನಾಲ್ ಅನ್ನುತ್ತೇನೆ. ಎಣ್ಣೆಗೆ ಕಹಿ, ಖಾರ ಕೊಡುವ, ಅದು ಕೆಡದಂತೆ ತಡೆಯುವ ವಸ್ತುಗಳ ಗುಂಪು ಅದು.

ಮೊದಲು ಈ ಫೀನಾಲ್ ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಹಸಿ ಆಲಿವ್ ಕಾಯಿಯನ್ನು ಬಾಯಿಗೆ ಹಾಕಿಕೊಂಡರೆ ತಕ್ಷಣ ಉಗುಳಬೇಕು, ಅಷ್ಟು ಕಹಿ. ಆ ಕಹಿಗೆ ಮುಖ್ಯ ಕಾರಣ ಒಲಿಯೂರೋಪೀನ್ ಎನ್ನುವ ವಸ್ತು. ಕಾಯಿ ಅರೆದಾಗ ಅದರೊಳಗಿನ ಎಂಜೈಮ್‌ಗಳು ಇಂಥ ವಸ್ತುಗಳನ್ನು ಕತ್ತರಿಸುತ್ತವೆ. ಆಗ ಒಲಿಯಾಸೀನ್, ಒಲಿಯೋಕ್ಯಾಂಥಾಲ್ ಮುಂತಾದ ಹೊಸ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ಫೀನಾಲ್‌ಗಳಿಗೆ ನೀರೇ ಇಷ್ಟ, ಹಾಗಾಗಿ ಬಹುಪಾಲು ನೀರು ಮತ್ತು ಹಿಂಡಿಯ ಜೊತೆ ಹೊರಟುಹೋಗುತ್ತದೆ. ಕಾಯಿ ಇನ್ನೂ ಹಸಿರಿದ್ದಾಗ ಕಿತ್ತರೆ ಫೀನಾಲ್ ಜಾಸ್ತಿ, ಎಣ್ಣೆ ಕಡಿಮೆ. ಕಪ್ಪಗೆ ಮಾಗಲು ಬಿಟ್ಟರೆ ಎಣ್ಣೆ ಜಾಸ್ತಿ, ಫೀನಾಲ್ ಕಡಿಮೆ. ತಳಿಯೂ ಮುಖ್ಯ. ಇಲ್ಲಿನ ಪಿಕುವಾಲ್, ಇಟಲಿಯ ಕೊರಾಟಿನಾ, ಗ್ರೀಸಿನ ಕೊರೊನೈಕಿ ತಳಿಗಳಲ್ಲಿ ಫೀನಾಲ್ ಹೆಚ್ಚು. ಆರ್ಬೆಕಿನಾದಲ್ಲಿ ಸಾಮಾನ್ಯವಾಗಿ ಕಡಿಮೆ. ಅರೆದ ಮುದ್ದೆಯನ್ನು ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕಲಸಿದರು ಎನ್ನುವುದರಿಂದಲೂ ಅಂಕಿ ಮೇಲೆ ಕೆಳಗೆ ಆಗುತ್ತದೆ.

ಈಗ ಅಳತೆಗೆ ಬರೋಣ. ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಕಚೇರಿ ಮ್ಯಾಡ್ರಿಡ್‌ನಲ್ಲಿದೆ. ಅವರು 2009ರಲ್ಲಿ ಒಂದು ವಿಧಾನ ಪ್ರಕಟಿಸಿದರು, 2017ರಲ್ಲಿ ಪರಿಷ್ಕರಿಸಿದರು. ನಾವು ಹೆಚ್ಚಾಗಿ ಮಾಡುವುದು ಅದನ್ನೇ. ಮುಚ್ಚಳ ತಿರುಗಿಸುವ ಸಣ್ಣ ಗಾಜಿನ ಕೊಳವೆಗೆ 2 ಗ್ರಾಂ ಎಣ್ಣೆ ತೂಗಿ ಹಾಕುತ್ತೇವೆ. ಸಿರಿಂಜಿಕ್ ಆಸಿಡ್ ದ್ರಾವಣ 1 ಮಿಲಿಲೀಟರ್ ಸೇರಿಸುತ್ತೇವೆ. ಎಷ್ಟು ಹಾಕಿದ್ದೇವೆ ಅಂತ ನಮಗೆ ಸರಿಯಾಗಿ ಗೊತ್ತಿರುವ ವಸ್ತು ಅದು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತೇವೆ. ಆಮೇಲೆ 80 ಪಾಲು ಮೆಥನಾಲ್, 20 ಪಾಲು ನೀರು ಬೆರೆಸಿದ ದ್ರವ 5 ಮಿಲಿಲೀಟರ್. ಚೆನ್ನಾಗಿ ಕುಲುಕಿ, ಅಲ್ಟ್ರಾಸೌಂಡ್ ತೊಟ್ಟಿಯಲ್ಲಿ 15 ನಿಮಿಷ ಇಟ್ಟು, ಗಿರಗಿರನೆ ತಿರುಗಿಸಿ ಪದರ ಬೇರೆ ಮಾಡುವ ಸೆಂಟ್ರಿಫ್ಯೂಜ್‌ಗೆ ಹಾಕುತ್ತೇವೆ.

ಸೆಂಟ್ರಿಫ್ಯೂಜ್‌ನಿಂದ ಹೊರತೆಗೆದ ಕೊಳವೆಯನ್ನು ಹೊಸದಾಗಿ ಬಂದ ಹುಡುಗರಿಗೆ ತೋರಿಸುವುದು ನನಗೆ ಇಷ್ಟ. ಎಣ್ಣೆ ಮೇಲೆ ತೇಲುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಇಲ್ಲಿ ಎಣ್ಣೆ ತಳದಲ್ಲಿ ಕೂತಿರುತ್ತದೆ. ಮೆಥನಾಲ್ ಬೆರೆತ ದ್ರವ ಎಣ್ಣೆಗಿಂತ ಹಗುರ, ಅದು ಮೇಲಿರುತ್ತದೆ. ನಮಗೆ ಬೇಕಾದ ಫೀನಾಲ್ ಎಲ್ಲ ಆ ಮೇಲಿನ ಪದರದಲ್ಲಿ. ಅದನ್ನು ಸಿರಿಂಜ್‌ನಲ್ಲಿ ಎಳೆದು, 0.45 ಮೈಕ್ರಾನ್ ಫಿಲ್ಟರ್ ದಾಟಿಸಿ, 20 ಮೈಕ್ರೊಲೀಟರ್ ಮಾತ್ರ ಎಚ್‌ಪಿಎಲ್‌ಸಿ ಯಂತ್ರಕ್ಕೆ ಬಿಡುತ್ತೇವೆ. ದ್ರವದಲ್ಲಿ ಬೆರೆತ ವಸ್ತುಗಳನ್ನು ಬಿಡಿಬಿಡಿಯಾಗಿಸಿ ಅಳೆಯುವ ಯಂತ್ರ ಅದು.

ಯಂತ್ರದೊಳಗೆ ಒಂದು ಉದ್ದನೆಯ ಸ್ಟೀಲ್ ಕಾಲಮ್ ಇದೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಅದರಿಂದ ಹೊರಬರುತ್ತದೆ, ಪರದೆಯ ಮೇಲೆ ಒಂದೊಂದು ಶಿಖರವಾಗಿ ಕಾಣುತ್ತದೆ. ಮೊದಲು ಹೈಡ್ರಾಕ್ಸಿಟೈರೋಸಾಲ್, ಆಮೇಲೆ ಟೈರೋಸಾಲ್, ಆಮೇಲೆ ನಾವು ಹಾಕಿದ ಸಿರಿಂಜಿಕ್ ಆಸಿಡ್. ಇವು ಬಿಡಿಬಿಡಿಯಾಗಿ ಬರುತ್ತವೆ, ಗುರುತಿಸುವುದು ಸುಲಭ. ತಲೆನೋವು ಶುರುವಾಗುವುದು ಅರ್ಧ ದಾರಿ ದಾಟಿದ ಮೇಲೆ. ಒಲಿಯಾಸೀನ್, ಒಲಿಯೋಕ್ಯಾಂಥಾಲ್, ಒಲಿಯೂರೋಪೀನ್‌ನ ತುಣುಕುಗಳು, ಅವುಗಳ ಆಕ್ಸಿಡೀಕರಣಗೊಂಡ ರೂಪಗಳು ಎಲ್ಲವೂ ಒಂದರ ಹಿಂದೆ ಒಂದು ಒತ್ತಿಕೊಂಡು ಬರುತ್ತವೆ. ಪರದೆಯ ಮೇಲೆ ಒಂದು ಶಿಖರ ಮುಗಿಯುವ ಮೊದಲೇ ಇನ್ನೊಂದು ಎದ್ದಿರುತ್ತದೆ. ಎಲ್ಲಿ ಗೆರೆ ಎಳೆದು ಬೇರೆ ಮಾಡಬೇಕು ಅಂತ ಕಂಪ್ಯೂಟರ್ ಒಂದು ಹೇಳುತ್ತದೆ, ನನ್ನ ಕಣ್ಣು ಇನ್ನೊಂದು ಹೇಳುತ್ತದೆ. ಸಾಲದ್ದಕ್ಕೆ ಒಲಿಯೋಕ್ಯಾಂಥಾಲ್ ಮತ್ತು ಒಲಿಯಾಸೀನ್ ಮೆಥನಾಲ್ ಹಾಗೂ ನೀರಿನ ಜೊತೆ ಪ್ರತಿಕ್ರಿಯೆ ನಡೆಸಿ ಬೇರೆ ರೂಪ ತಾಳುತ್ತವೆ. ಅಂದರೆ ಅಳೆಯಲು ಬಳಸಿದ ದ್ರವವೇ ಅಳೆಯಬೇಕಾದ ವಸ್ತುವನ್ನು ಕೆದಕುತ್ತದೆ. ಒಂದು ಸ್ಯಾಂಪಲ್‌ನ ಓಟ ಮುಗಿಯಲು ಒಂದು ಗಂಟೆಗಿಂತ ಜಾಸ್ತಿ ಬೇಕು. ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಯಂತ್ರಕ್ಕೆ ಬಿಡುವಿರುವುದಿಲ್ಲ.

ಕೊನೆಗೆ 280 ನ್ಯಾನೊಮೀಟರ್ ಬೆಳಕಿನಲ್ಲಿ ಕಂಡ ಶಿಖರಗಳನ್ನೆಲ್ಲ ಕೂಡಿ, ಮೊತ್ತವನ್ನು ಟೈರೋಸಾಲ್ ಲೆಕ್ಕಕ್ಕೆ ತಿರುಗಿಸಿ (ಇದೆಲ್ಲ ಟೈರೋಸಾಲೇ ಆಗಿದ್ದರೆ ಎಷ್ಟಾಗುತ್ತಿತ್ತು ಅಂತ), ಕೆ.ಜಿ.ಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತೇವೆ. ಇದು ಒಂದು ಲೆಕ್ಕ.

ಇನ್ನೊಂದು ಹಳೆಯ ಲೆಕ್ಕವಿದೆ, ಅಗ್ಗದ್ದು. ಒಟ್ಟೊ ಫೋಲಿನ್ ಮತ್ತು ಸಿಯೊಕಾಲ್ಟೂ ಎಂಬ ಇಬ್ಬರು 1927ರಲ್ಲಿ ಪ್ರಕಟಿಸಿದ್ದು. ಅವರು ಆಲಿವ್ ಎಣ್ಣೆಗೆಂದು ಮಾಡಿದ್ದಲ್ಲ, ಪ್ರೋಟೀನ್‌ನೊಳಗಿನ ಟೈರೋಸಿನ್, ಟ್ರಿಪ್ಟೋಫ್ಯಾನ್ ಅಳೆಯಲು ಮಾಡಿದ್ದು. ಹಳದಿ ದ್ರಾವಣಕ್ಕೆ ಸ್ಯಾಂಪಲ್ ಹಾಕಿ, ಸೋಡಿಯಂ ಕಾರ್ಬೊನೇಟ್ ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ಫೀನಾಲ್ ಜಾಸ್ತಿ. ಕಾಲೇಜಿನ ಲ್ಯಾಬ್‌ನಲ್ಲೂ ಮಾಡಬಹುದು. ಆದರೆ ಆ ದ್ರಾವಣಕ್ಕೆ ಫೀನಾಲ್ ಯಾವುದು, ಬೇರೆ ಯಾವುದು ಅಂತ ತಿಳಿಯದು. ಎಲೆಕ್ಟ್ರಾನ್ ಕೊಡುವ ಯಾವುದೇ ವಸ್ತು ಸಿಕ್ಕರೂ ನೀಲಿಯಾಗುತ್ತದೆ, ವಿಟಮಿನ್ ಸಿ ಹಾಕಿದರೂ ನೀಲಿಯೇ. ಬಂದ ಉತ್ತರವನ್ನು ಕೆಲವರು ಗ್ಯಾಲಿಕ್ ಆಸಿಡ್ ಲೆಕ್ಕದಲ್ಲಿ ಬರೆಯುತ್ತಾರೆ, ಕೆಲವರು ಕೆಫೀಕ್ ಆಸಿಡ್ ಲೆಕ್ಕದಲ್ಲಿ. ಎಣ್ಣೆ ಅದೇ ಆದರೂ ಅಂಕಿ ಬೇರೆ. ಹಾಗಂತ ಈ ವಿಧಾನ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಒಂದೇ ಗಾಣದ ಹತ್ತು ತೊಟ್ಟಿಗಳಲ್ಲಿ ಯಾವುದು ಮೇಲು ಅಂತ ನೋಡಲು ಅಷ್ಟು ಸಾಕು. ಆ ಅಂಕಿಯನ್ನು ಬಾಟಲಿಯ ಮೇಲೆ ಅಂಟಿಸಿ, ಬೇರೆ ದೇಶದ ಬೇರೆ ವಿಧಾನದ ಅಂಕಿಯ ಪಕ್ಕ ಇಟ್ಟಾಗ ತೊಂದರೆ.

ಮೂರನೆಯದು ಎನ್‌ಎಂಆರ್, ಅಂದರೆ ಸ್ಯಾಂಪಲನ್ನು ಬಲವಾದ ಅಯಸ್ಕಾಂತದೊಳಗಿಟ್ಟು ಅಣುಗಳನ್ನು ಗುರುತಿಸುವ ಯಂತ್ರ. ಅಥೆನ್ಸ್ ವಿಶ್ವವಿದ್ಯಾಲಯದ ಪ್ರೊಕೋಪಿಯೋಸ್ ಮಗಿಯಾಟಿಸ್, ಎಲೆನಿ ಮೆಲಿಯೂ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ ದಾರಿ. ಮೆಥನಾಲ್ ತಂಟೆ ಇಲ್ಲ, ಒಲಿಯೋಕ್ಯಾಂಥಾಲ್ ಬೇರೆ, ಒಲಿಯಾಸೀನ್ ಬೇರೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಯಂತ್ರ ಕೊಳ್ಳುವುದು ನಮ್ಮಂಥ ಸಣ್ಣ ಲ್ಯಾಬ್‌ಗಳ ಕೈಗೆಟಕುವ ಮಾತಲ್ಲ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಕಷ್ಟ. ಇದಕ್ಕಿಂತ ದೊಡ್ಡದು ಲೆಕ್ಕದ ಕಷ್ಟ. ಅದನ್ನು ಚಳ್ಳಕೆರೆ ಭಾಷೆಯಲ್ಲೇ ಹೇಳುತ್ತೇನೆ. ಶೇಂಗಾವನ್ನು ಸಿಪ್ಪೆ ಸಮೇತ ತೂಗಬಹುದು, ಸುಲಿದು ಬರೀ ಬೀಜ ತೂಗಬಹುದು. ಎರಡೂ ಶೇಂಗಾ ತೂಕವೇ, ಆದರೆ ಯಾವ ವ್ಯಾಪಾರಿಯೂ ಎರಡಕ್ಕೂ ಒಂದೇ ದರ ಕೊಡುವುದಿಲ್ಲ. ಒಲಿಯಾಸೀನ್ ಎನ್ನುವುದು ಸಿಪ್ಪೆ ಸಮೇತದ ಕಾಯಿ. ಅದರ ಅಣುತೂಕ ಸುಮಾರು 320. ಒಳಗಿನ ಬೀಜ ಹೈಡ್ರಾಕ್ಸಿಟೈರೋಸಾಲ್, ಅದರದ್ದು ಸುಮಾರು 154. ಅಂದರೆ ಅರ್ಧಕ್ಕೂ ಸ್ವಲ್ಪ ಕಡಿಮೆ. ಕೆ.ಜಿ. ಎಣ್ಣೆಯಲ್ಲಿ 400 ಮಿಲಿಗ್ರಾಂ ಒಲಿಯಾಸೀನ್ ಇದೆ ಅಂತಿಟ್ಟುಕೊಳ್ಳಿ. ಆಸಿಡ್ ಹಾಕಿ ಒಡೆದು ಅಳೆದರೆ ಸಿಗುವ ಹೈಡ್ರಾಕ್ಸಿಟೈರೋಸಾಲ್ 200 ಮಿಲಿಗ್ರಾಂ ಕೂಡ ಮುಟ್ಟುವುದಿಲ್ಲ. ಎರಡೂ ಉತ್ತರ ಸರಿ, ಎರಡೂ ಲ್ಯಾಬ್ ಪ್ರಾಮಾಣಿಕ.

ಹಾಗಿದ್ದರೆ ಜಗಳ ಯಾಕೆ ಅಂದರೆ, ಕಾನೂನಿನಲ್ಲಿ ಒಂದು ಗೆರೆ ಇದೆ. ಯುರೋಪಿಯನ್ ಒಕ್ಕೂಟದ 2012ರ 432ನೇ ನಿಯಮದ ಪ್ರಕಾರ, ಆಲಿವ್ ಎಣ್ಣೆಯ ಪಾಲಿಫಿನಾಲ್‌ಗಳು ರಕ್ತದ ಕೊಬ್ಬನ್ನು ಆಕ್ಸಿಡೀಕರಣದ ಒತ್ತಡದಿಂದ ಕಾಪಾಡಲು ನೆರವಾಗುತ್ತವೆ ಅಂತ ಬಾಟಲಿ ಮೇಲೆ ಬರೆಯಬಹುದು. ಷರತ್ತೆಂದರೆ 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ‘ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರಿಂದ ಬಂದ ವಸ್ತುಗಳು’ ಇರಬೇಕು. ದಿನಕ್ಕೆ 20 ಗ್ರಾಂ ತೆಗೆದುಕೊಂಡರೆ ಮಾತ್ರ ಈ ಫಲ ಅಂತಲೂ ಬರೆಯಬೇಕು. ಕೆ.ಜಿ. ಲೆಕ್ಕದಲ್ಲಿ ಇದು 250 ಮಿಲಿಗ್ರಾಂ ಆಯಿತು. ಆ ನಿಯಮ ಇದನ್ನು ಅಳೆಯುವ ವಿಧಾನ ಯಾವುದು ಅಂತ ಹೇಳಲಿಲ್ಲ. ಸಿಪ್ಪೆ ಸಮೇತವೋ, ಸುಲಿದೋ ಅಂತಲೂ ಬಿಡಿಸಿ ಹೇಳಲಿಲ್ಲ. ಮೇಲೆ ಹೇಳಿದ ಎಣ್ಣೆ ಒಂದು ಲೆಕ್ಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಮಾರುವವರು ಯಾವ ಲೆಕ್ಕ ಹಿಡಿಯುತ್ತಾರೆ ಅಂತ ನೀವೇ ಊಹಿಸಿ. ಇನ್ನೊಂದು ವಿಷಯ. ಮಂಡಳಿಯ ವಿಧಾನದ ಒಟ್ಟು ಮೊತ್ತದಲ್ಲಿ ಪೈನೊರೆಸಿನಾಲ್, ಲೂಟಿಯೋಲಿನ್, ಎಪಿಜೆನಿನ್ ಕೂಡ ಸೇರಿರುತ್ತವೆ. ಇವು ಹೈಡ್ರಾಕ್ಸಿಟೈರೋಸಾಲ್ ಮನೆತನದವೇ ಅಲ್ಲ. ಆದ್ದರಿಂದ ‘ಒಟ್ಟು ಪಾಲಿಫಿನಾಲ್’ ಅಂಕಿಯನ್ನು ಹಾಗೇ ಎತ್ತಿಕೊಂಡು ಆ 250ರ ಗೆರೆಯ ಪಕ್ಕ ಇಡುವುದೂ ತಪ್ಪು.

ಇದೆಲ್ಲ ದೂರದ ಯುರೋಪಿನ ಮಾತು, ನಮಗೇನು ಅನ್ನಬಹುದು. ಹೋದ ಸಲ ಊರಿಗೆ ಬಂದಾಗ ಅತ್ತಿಗೆ ಒಂದು ಬಾಟಲಿ ತೋರಿಸಿದರು. ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲೆ ಚಿನ್ನದ ಬಣ್ಣದ ಸ್ಟಿಕ್ಕರ್, ‘ಹೈ ಪಾಲಿಫಿನಾಲ್ 640’ ಅಂತ. ಕಂಪನಿಯ ಹೆಸರು ಇಲ್ಲಿ ಬೇಡ. ಅತ್ತಿಗೆಯ ದೂರು ಬೇರೆಯದೇ ಇತ್ತು. ‘ಏನಮ್ಮ ಇದು, ಇಷ್ಟು ದುಡ್ಡು ಕೊಟ್ಟು ತಂದರೂ ಸಪ್ಪಗೈತೆ, ಹಳೇ ಶೇಂಗಾ ವಾಸನೆ ಬರ್ತೈತೆ’ ಅಂದರು. ಮೂಸಿ ನೋಡಿದೆ. ಅತ್ತಿಗೆ ಸರಿಯಾಗೇ ಹೇಳಿದ್ದರು, ಕಮಟು ಹಿಡಿದಿತ್ತು.

ಮಾರಿದವರಿಗೆ ಬರೆದು ಲ್ಯಾಬ್ ವರದಿ ಕೇಳಿದೆ. ಕೊಡಲು ಹಿಂದೆ ಮುಂದೆ ನೋಡಿದರು, ಆದರೂ ಕೊಟ್ಟರು. ವಿಧಾನದ ಹೆಸರೇ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕೆಫೀಕ್ ಆಸಿಡ್ ಲೆಕ್ಕದಲ್ಲಿ’ ಅಂತಿತ್ತು. ಅಂದರೆ ಅದು ನೀಲಿ ಬಣ್ಣದ ಪರೀಕ್ಷೆ ಇರಬೇಕು. ಸ್ಯಾಂಪಲ್ ತೆಗೆದದ್ದು ಗಾಣದ ತೊಟ್ಟಿಯಿಂದ, ನವೆಂಬರ್‌ನಲ್ಲಿ. ಅತ್ತಿಗೆಯ ಕೈಗೆ ಬಾಟಲಿ ಸೇರಿದ್ದು ಮರುವರ್ಷದ ಮಳೆಗಾಲದಲ್ಲಿ. ನಡುವೆ ಅದು ಹಡಗಿನ ಕಂಟೇನರ್‌ನಲ್ಲಿ, ಗೋದಾಮಿನಲ್ಲಿ ಎಷ್ಟು ಬಿಸಿಲು ಕುಡಿದಿದೆಯೋ. ಬಾಟಲಿಯೂ ಬಿಳಿ ಗಾಜಿನದು. ‘ಮೇಡಂ, ಎಣ್ಣೆ ಅದೇ ಅಲ್ವಾ’ ಅಂತ ಅವರು ಉತ್ತರ ಬರೆದರು.

ಎಣ್ಣೆ ಅದೇ ಇರಬಹುದು, ಒಳಗಿನದು ಅದೇ ಅಲ್ಲ. ಬೆಳಕು, ಬಿಸಿ, ಗಾಳಿ ಮೂರಕ್ಕೂ ಫೀನಾಲ್ ಸೋಲುತ್ತದೆ. ಎಣ್ಣೆ ಕೆಡದಂತೆ ತಡೆಯುವ ಕೆಲಸ ಮಾಡುತ್ತ ಮಾಡುತ್ತ ತಾನೇ ಖರ್ಚಾಗುತ್ತದೆ. ಜೊತೆಗೆ ಒಲಿಯಾಸೀನ್‌ನಂಥ ದೊಡ್ಡ ಅಣುಗಳು ನಿಧಾನವಾಗಿ ಒಡೆದು ಬಿಡಿ ಹೈಡ್ರಾಕ್ಸಿಟೈರೋಸಾಲ್, ಟೈರೋಸಾಲ್ ಆಗುತ್ತವೆ. ನಮ್ಮ ಯಂತ್ರದ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊಸ ಎಣ್ಣೆಯಲ್ಲಿ ಮೊದಲು ಬರುವ ಆ ಎರಡು ಶಿಖರಗಳು ಗಿಡ್ಡ, ಹಿಂದಿನ ಗುಂಪು ಎತ್ತರ. ಹಳೆಯ ಎಣ್ಣೆಯಲ್ಲಿ ಮುಂದಿನ ಎರಡು ಬೆಳೆದಿರುತ್ತವೆ, ಹಿಂದಿನವು ಕುಗ್ಗಿರುತ್ತವೆ. ವಯಸ್ಸು ಮುಚ್ಚಿಟ್ಟರೂ ಅಲ್ಲಿ ಸಿಕ್ಕಿಬೀಳುತ್ತದೆ. ಬಾಟಲಿಯ ಮೇಲಿನ 640ಕ್ಕೆ ಇದ್ಯಾವುದೂ ಗೊತ್ತಿಲ್ಲ.

ಯಂತ್ರವಿಲ್ಲದವರು ಏನು ಮಾಡಬೇಕು ಅಂತ ಕೇಳಿದರೆ, ನಾಲಿಗೆ ಮತ್ತು ಗಂಟಲು ಇದೆಯಲ್ಲ. ಒಲಿಯೋಕ್ಯಾಂಥಾಲ್ ಗಂಟಲನ್ನು ಚುರುಗುಟ್ಟಿಸುತ್ತದೆ, ಕೆಲವರಿಗೆ ಕೆಮ್ಮು ಬರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಗ್ಯಾರಿ ಬೋಶಾಂ 1999ರಲ್ಲಿ ಸಿಸಿಲಿಯ ಎರಿಚೆ ಊರಿಗೆ ಒಂದು ಸಭೆಗೆ ಹೋಗಿದ್ದರು. ಅಲ್ಲಿ ಹೊಸ ಎಣ್ಣೆ ರುಚಿ ನೋಡಿದಾಗ ಗಂಟಲಲ್ಲಿ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯ ದ್ರಾವಣ ಕುಡಿದಾಗಿನ ಉರಿಯೇ ಆಯಿತು. ಆ ಮಾತ್ರೆಯ ರುಚಿ ಪರೀಕ್ಷೆ ಅವರು ಮೊದಲೇ ಮಾಡಿದ್ದವರು. ಆ ಸುಳಿವು ಹಿಡಿದು ಹೋಗಿ, ಅವರ ತಂಡ 2005ರಲ್ಲಿ ಒಲಿಯೋಕ್ಯಾಂಥಾಲ್ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು. ಉರಿಯೂತದ ಮೇಲೆ ಅದು ಐಬುಪ್ರೊಫೆನ್ ತರಹವೇ ಕೆಲಸ ಮಾಡುತ್ತದೆ ಅಂತ ತೋರಿಸಿತು. ನಿಮ್ಮ ಲೇಖನದಲ್ಲಿ ಇದನ್ನು ‘ನೋವಿನ ಮಾತ್ರೆಗೆ ಸಮ’ ಎಂದು ಬರೆದಿದ್ದೀರಿ. ಅವರೇ ಕೊಟ್ಟ ಲೆಕ್ಕದಲ್ಲಿ 50 ಗ್ರಾಂ ಎಣ್ಣೆ ಕುಡಿದರೆ ಸಿಗುವುದು ದೊಡ್ಡವರ ಒಂದು ದಿನದ ಐಬುಪ್ರೊಫೆನ್ ಪ್ರಮಾಣದ ಸುಮಾರು ಶೇ 10. ಮಂಡಿನೋವಿಗೆ ಯಾರೂ ಮಾತ್ರೆ ಬಿಟ್ಟು ಎಣ್ಣೆ ಕುಡಿಯಲು ಹೋಗದಿರಲಿ.

ಇಲ್ಲಿ ಎಣ್ಣೆಗೆ ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಎಲ್ಲಕ್ಕಿಂತ ಮೇಲಿನ ದರ್ಜೆಯ ಪಟ್ಟ ಕೊಡುವಾಗಲೂ ಯಂತ್ರದ ಜೊತೆ ಮನುಷ್ಯರು ಬೇಕು. ಎಂಟರಿಂದ ಹನ್ನೆರಡು ಜನ ತರಬೇತಾದ ರುಚಿಗಾರರು ಬೇರೆ ಬೇರೆ ಸಣ್ಣ ಗೂಡುಗಳಲ್ಲಿ ಕೂರುತ್ತಾರೆ. ಎಣ್ಣೆ ಕೊಡುವುದು ಬಣ್ಣದ ಗಾಜಿನ ಲೋಟದಲ್ಲಿ, ಒಳಗಿನ ಬಣ್ಣ ಕಾಣಬಾರದು ಅಂತ. ಹಸಿರಾಗಿದ್ದರೆ ಒಳ್ಳೆಯದು ಅನ್ನುವ ಭ್ರಮೆ ಅವರಿಗೂ ಇರಬಹುದಲ್ಲ. 28 ಡಿಗ್ರಿಗೆ ಬೆಚ್ಚಗೆ ಮಾಡಿ, ಮೂಸಿ, ಬಾಯಲ್ಲಿ ಆಡಿಸುತ್ತಾರೆ. ಕಹಿ ಮತ್ತು ಖಾರ ಅವರ ಪಟ್ಟಿಯಲ್ಲಿ ಗುಣಗಳು. ಕಮಟು, ಮುಗ್ಗಲು ದೋಷಗಳು. ಒಂದು ದೋಷ ಕಂಡರೂ ಎಕ್ಸ್‌ಟ್ರಾ ವರ್ಜಿನ್ ಪಟ್ಟ ಹೋಯಿತು. ಆದರೆ ಗಮನಿಸಿ, ಆ ಪಟ್ಟಕ್ಕೆ ಇಷ್ಟೇ ಫೀನಾಲ್ ಇರಬೇಕು ಅನ್ನುವ ಷರತ್ತಿಲ್ಲ. ಆಮ್ಲೀಯತೆ ಶೇ 0.8 ದಾಟಬಾರದು, ಎಣ್ಣೆ ಎಷ್ಟು ಆಕ್ಸಿಡೀಕರಣಗೊಂಡಿದೆ ಅಂತ ತೋರಿಸುವ ಪೆರಾಕ್ಸೈಡ್ ಅಂಕಿ 20 ದಾಟಬಾರದು, ಹೀಗೆ ಬೇರೆ ಅಳತೆಗಳಿವೆ. ಎಕ್ಸ್‌ಟ್ರಾ ವರ್ಜಿನ್ ಆಗಿಯೂ ಫೀನಾಲ್ ತೀರಾ ಕಡಿಮೆ ಇರಬಹುದು. ಅದು ಮೋಸವಲ್ಲ, ತಳಿಯ ಗುಣ.

ನಮ್ಮಲ್ಲಿ ತುಂಬ ಜನ ಕೊಳ್ಳುವುದು ‘ಪೋಮೆಸ್’ ಅಥವಾ ‘ಎಕ್ಸ್‌ಟ್ರಾ ಲೈಟ್’ ಎಣ್ಣೆ, ಬೆಲೆ ಕಡಿಮೆ ಅಂತ. ಪೋಮೆಸ್ ಅಂದರೆ ಹಿಂಡಿಯಿಂದ ಸಾಲ್ವೆಂಟ್ (ಎಣ್ಣೆ ಕರಗಿಸುವ ರಾಸಾಯನಿಕ) ಹಾಕಿ ತೆಗೆದ ಎಣ್ಣೆ. ಚಳ್ಳಕೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ. ರಿಫೈನ್ ಮಾಡುವಾಗ ಫೀನಾಲ್ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಲೈಟ್ ಅಂದರೆ ಕೊಬ್ಬು ಕಡಿಮೆ ಅಂತಲ್ಲ, ರುಚಿ ಕಡಿಮೆ ಅಂತ ಅಷ್ಟೇ. ಕರಿಯುವುದಕ್ಕೆ ಬಳಸುವುದಾದರೆ ಬಳಸಲಿ, ಬೇಡ ಅನ್ನುವುದಿಲ್ಲ. ಪಾಲಿಫಿನಾಲ್ ಸಿಗುತ್ತದೆ ಅಂತ ಅದಕ್ಕೆ ದುಡ್ಡು ಸುರಿಯುವುದು ಮಾತ್ರ ಸುಮ್ನೆ ದಂಡ. ನಿಮ್ಮ ಲೇಖನದ ಪಕ್ಕದಲ್ಲೇ ಅಂಥದೊಂದು ಎಣ್ಣೆಯ ಜಾಹೀರಾತು ಇತ್ತು, ಅದಕ್ಕೇ ಹೇಳಿದೆ.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಪಾಲಿಫಿನಾಲ್ ಅಂಕಿ ಅಚ್ಚು ಹಾಕುವಾಗ ಅದರ ಜೊತೆ ವಿಧಾನ ಯಾವುದು, ಯಾವ ವಸ್ತುವಿನ ಲೆಕ್ಕ, ಸ್ಯಾಂಪಲ್ ಎಲ್ಲಿಂದ ಯಾವಾಗ ತೆಗೆದದ್ದು ಅಂತ ಒಂದು ಸಾಲು ಸೇರಿಸಿ. ಜಾಹೀರಾತು ಕೊಡುವವರಿಂದಲೂ ಅದನ್ನೇ ಕೇಳಿ. ಆಹಾರದ ಜಾಹೀರಾತು ಮತ್ತು ಗುಣದ ಹೇಳಿಕೆಗಳ ಬಗ್ಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ, ಹಾಗಾಗಿ ಕೇಳುವ ಹಕ್ಕು ನಿಮಗಿದೆ. ಎಚ್‌ಪಿಎಲ್‌ಸಿ ನಮ್ಮ ಕಡೆ ಹೊಸದೇನಲ್ಲ. ಆಮದು ಮಾಡುವವರು ಎಣ್ಣೆ ನಮ್ಮ ದೇಶಕ್ಕೆ ಬಂದ ಮೇಲೆ ಬಾಟಲಿಯಿಂದಲೇ ಸ್ಯಾಂಪಲ್ ತೆಗೆದು ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಅವರಿಗೆ ಅಂಥ ಹೊರೆಯಾಗಲಾರದು. ಸ್ಟಿಕ್ಕರ್‌ನಲ್ಲಿ ಚಿನ್ನದ ಬಣ್ಣಕ್ಕೆ ಕೊಡುವ ದುಡ್ಡಿನ ಒಂದು ಪಾಲು ಸಾಕು.

ಓದುಗರಲ್ಲಿ ಯಾರ ಬಳಿಯಾದರೂ ಇಂಥ ಲ್ಯಾಬ್ ವರದಿ ಇದ್ದರೆ, ಕಂಪನಿಯ ಹೆಸರು ಮುಚ್ಚಿ ನಿಮ್ಮ ಕಚೇರಿಗೆ ಕಳಿಸಲಿ. ನೀವು ನನಗೆ ದಾಟಿಸಿದರೆ ಅದರಲ್ಲಿ ಏನಿದೆ, ಏನಿಲ್ಲ ಅಂತ ಬರೆದು ಕಳಿಸುತ್ತೇನೆ. ಕೊಯ್ಲು ಶುರುವಾಗುವ ಮೊದಲಾದರೆ ಬೇಗ ಕಳಿಸಬಲ್ಲೆ. ಅಕ್ಟೋಬರ್ ಆದ ಮೇಲೆ ಸ್ವಲ್ಪ ಕಾಯಬೇಕಾಗುತ್ತದೆ.

ನಿಮ್ಮ ಓದುಗಾರ್ತಿ,
ಚಳ್ಳಕೆರೆಯವಳು, ಸದ್ಯ ಸ್ಪೇನ್‌ನ ಹಾಯೆನ್‌ನಿಂದ